ಭೀಮವ್ವ ತಿರುಗಿ ಕೊಟ್ಟ ಮೊರದ ಜೋಳ

ನಿಜಾಮರ ಕಾಲ. ನೆಲೋಗಿಯಲ್ಲಿ ಕಲ್ಲು ತುಂಬಿದ ಬಂಡಿ ಹೊಡೆದುಕೊಂಡು ಹೊರಟಿದ್ದೆ. ಮನೆ ಮುಂದೆ ಜೋಳ ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ಮೊರದ ಸಮೇತ ಎದ್ದು ಬಂದು ಎತ್ತಿಗೆ ಅಡ್ಡ ನಿಂತಳು.

“ಇಳೀಲೇ ತಿಪ್ಪಣ್ಣಾ! ನಿಮ್ಮವ್ವನ ಜೋಳ ತಗೋ, ನನ್ನ ಕೂಸು ನನಗ ಕೊಡು.”

ನೋಡಿದರೆ ಭೀಮವ್ವ. ಮೊದಲು ಇಜೇರಿಯಲ್ಲಿ ನಮ್ಮ ನೆರೆಮನೆಯಲ್ಲಿದ್ದಾಕೆ. ನನಗಿಂತ ಮೊದಲು ಹುಟ್ಟಿದ ನಾಲ್ಕೂ ಕೂಸು ಸತ್ತಿದ್ದವೆಂದು ಅವ್ವ ನನ್ನನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹಾಕಿಸಿದ್ದಳು. ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದ ಭೀಮವ್ವ ಎತ್ತಿಕೊಂಡಳು. ಅವಳಿಂದ ಅವ್ವ ಮೊರ ತುಂಬ ಜೋಳ ಕೊಟ್ಟು ನನ್ನನ್ನು ಕೊಂಡಳು. ಕೊಂಡ ಕೂಸನ್ನು ಸಾವು ಮುಟ್ಟುವುದಿಲ್ಲ ಎಂಬ ನಂಬಿಕೆ.

“ಈಗ್ಯಾಕಬೇ ಈ ವ್ಯಾಪಾರ?” ಎಂದು ನಕ್ಕೆ.

ಅವಳು ನಗಲಿಲ್ಲ. ನಾನು ಸಾಲೆ ಬಿಟ್ಟು ದುಡಿಯಲು ಹೋದ ವರ್ಷ ಕಾಲರಾ ಬಂದಿತ್ತು. ಹೊತ್ತೊಯ್ದ ಬಂಡಿ ಜೇವರ್ಗಿ ದವಾಖಾನೆ ಮುಟ್ಟುವುದರೊಳಗೆ ಅವಳ ಮೂರೂ ಮಕ್ಕಳು ತೀರಿಹೋಗಿದ್ದವು. ಆಮೇಲೆ ಅವಳು ಇಜೇರಿ ಬಿಟ್ಟು ನೆಲೋಗಿ ಸೇರಿದ್ದಳು. ಸುದ್ದಿ ಕೇಳಿಯೂ ನಾನು ಮುಖ ತೋರಿಸಿರಲಿಲ್ಲ.

“ಹಡದವು ಹ್ವಾದುವಪಾ. ಮಾರಿದ್ದೊಂದೇ ಉಳೀತು.”

ಬೆವರು ಸುರಿಸದೆ ಬಂದ ಕಾಳನ್ನು ನಾನು ಎಂದೂ ಮನೆಗೆ ತಂದವನಲ್ಲ. ಅಂದು ಮಾತ್ರ ಹೆಗಲ ಮೇಲಿನ ವಸ್ತ್ರ ಹಾಸಿ ಅಷ್ಟೂ ಜೋಳ ಹಾಕಿಸಿಕೊಂಡೆ.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಎತ್ತುಗಳು ತಾವಾಗಿಯೇ ಅವಳ ಮನೆ ಮುಂದೆ ನಿಲ್ಲುತ್ತಿದ್ದವು. “ಉಂಡಿಯೇನೋ?” ಎಂದು ಒಳಗಿನಿಂದಲೇ ಕೇಳುತ್ತಿದ್ದಳು. ಹೊಟ್ಟೆ ತುಂಬ ಉಂಡು ಬಂದಿದ್ದರೂ ಇಲ್ಲವೆನ್ನುತ್ತಿದ್ದೆ. ಅವಳು ಹೋದ ಮೇಲೆ ಆ ಮಾತು ಕೇಳುವವರಿಲ್ಲ.