ಮಾವ ಬೆಳಗಿದ ಹಲ್ಲುಗಳು

ಹಾಸ್ಟೆಲಿನ ಹುಡುಗಿಯರು ಅವಳಿಗೆ ಕರ್ಚೀಫು ಎಂದು ಹೆಸರಿಟ್ಟಿದ್ದರು. ನಗು ಬಂದರೆ ಸಾಕು, ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು, ಕೈಯಲ್ಲಿ ಕರ್ಚೀಫೂ ಇರುತ್ತಿತ್ತು. ಅವಳ ಊರಿನಲ್ಲಾದರೆ ಇದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು. ಅದನ್ನು ಕುಡಿದು ಬೆಳೆದವರ ಹಲ್ಲೆಲ್ಲ ಕಂದು ಪಟ್ಟೆ. ವಯಸ್ಸಾದ ಮೇಲೆ ಅದು ಮೂಳೆಗೂ ಇಳಿಯುತ್ತದೆ. ಅವಳ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ನಿಂತು ಯಾವ ಕಾಲವಾಯಿತೋ. ಅಕ್ಕನ ಮಗಳಿಗೆ ಇನ್ನೂ ಹಾಲುಹಲ್ಲು, ಕುಡಿಯುವುದು ಅದೇ ನೀರು. ವಸಡಿನೊಳಗೆ ಬೆಳೆಯುತ್ತಿರುವ ಹಲ್ಲು ಹೇಗಿರುತ್ತದೋ ಎಂಬುದೇ ಚಿಕ್ಕಮ್ಮನಾದ ಇವಳ ಚಿಂತೆ. ಅದಕ್ಕೇ ಹಟ ಹಿಡಿದು ಆ ನೀರಿನ ಮೇಲೆಯೇ ಸಂಶೋಧನೆಗೆ ಕೂತಿದ್ದಳು.

ಹಾಗಿರುವಾಗ ಪರದೇಶದ ಸಮ್ಮೇಳನದಿಂದ ಕರೆ ಬಂತು. ಹೋಗಿ, ಕೈಕುಲುಕಿ, ಫೋಟೋ ಹೊಡೆಸಿಕೊಂಡು ಬರುವ ಕರೆಯಲ್ಲ. ಅಲ್ಲಿ ಎಲ್ಲರ ಸಂಶೋಧನೆಯ ಪೋಸ್ಟರುಗಳನ್ನು ನೋಡಿ ಪರೀಕ್ಷಕರು ಒಂದೇ ಒಂದು ಊರನ್ನು ಆರಿಸುತ್ತಾರೆ. ಆ ಊರಿಗೆ ನೀರು ಶುದ್ಧ ಮಾಡುವ ಘಟಕವನ್ನು ಅವರೇ ಹಾಕಿಕೊಡುತ್ತಾರೆ. ಊರಿನ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದವಳಿಗೆ ಉಳಿದದ್ದು ಈ ಒಂದೇ ದಾರಿ.

ಪೋಸ್ಟರ್ ಅಚ್ಚು ಹಾಕಿದ್ದು ಸೋದರಮಾವ. ಊರಿನ ಮದುವೆ, ಅಭಿನಂದನೆ, ಶ್ರದ್ಧಾಂಜಲಿ, ಎಲ್ಲದರ ಬ್ಯಾನರೂ ಅವನ ಅಂಗಡಿಯದೇ. ಹೊರಡುವ ಹಿಂದಿನ ದಿನ ಅದನ್ನು ಸುತ್ತಿ, ಪೈಪಿನೊಳಗೆ ತೂರಿಸಿ, ಎರಡೂ ಬಾಯಿಗೆ ಟೇಪು ಜಡಿದು ಕೊಟ್ಟ. "ಅಲ್ಲಿಗೆ ಹೋಗೋವರೆಗೂ ಬಿಚ್ಚಬೇಡ ಪುಟ್ಟಿ, ಮಡಿಕೆ ಬಿದ್ರೆ ನನ್ನ ಮರ್ಯಾದೆ ಹೋಗುತ್ತೆ." ಮಾವನ ಮರ್ಯಾದೆ ಉಳಿಸಲು ಇವಳು ಆ ಪೈಪನ್ನು ವಿಮಾನದಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು ಹೋದಳು. ಅವಸರದಲ್ಲಿ ಪೋಸ್ಟರಿನ ಮೂಲ ಫೈಲಿದ್ದ ಒಂದೇ ಒಂದು ಪೆನ್‌ಡ್ರೈವ್ ಮಾತ್ರ ಅಂಗಡಿಯಲ್ಲೇ ಉಳಿಯಿತು.

ಸಮ್ಮೇಳನದ ಕಟ್ಟಡದಲ್ಲಿ ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು. ನೆಲಹಾಸು ಎಷ್ಟು ಮೆತ್ತಗಿತ್ತೆಂದರೆ ತನ್ನ ಹೆಜ್ಜೆ ತನಗೇ ಕೇಳಿಸಲಿಲ್ಲ. ಮೊದಲ ದಿನ ಅವಳು ಭಾಷಣ ಕೇಳಿದ್ದು ಕಡಿಮೆ, ಮೊಗಸಾಲೆಯ ನಲ್ಲಿಯ ಹತ್ತಿರ ನಿಂತದ್ದೇ ಹೆಚ್ಚು. ಜನ ಮಾತಾಡುತ್ತ ಬಂದು, ಲೋಟ ತುಂಬಿಸಿ, ಅರ್ಧ ಕುಡಿದು ಅರ್ಧ ಚೆಲ್ಲಿ ಹೋಗುತ್ತಿದ್ದರು. ಅಲ್ಲ, ಕುಡಿಯುವ ಮೊದಲು ಒಂದು ಕ್ಷಣವಾದರೂ ಯೋಚನೆ ಬೇಡವೇ ಇವರಿಗೆ! ಅವಳೂ ಒಂದು ಲೋಟ ಕುಡಿದಳು, ಇನ್ನೊಂದು ಕುಡಿದಳು. ಅಕ್ಕನ ಮಗಳ ನೆನಪಾಗಿ ಮೂರನೆಯದನ್ನು ಹಾಗೇ ಕೆಳಗಿಟ್ಟಳು.

ಮಾರನೆಯ ಬೆಳಿಗ್ಗೆ ಪೈಪಿನ ಟೇಪು ಕಿತ್ತು ಪೋಸ್ಟರನ್ನು ಹಲಗೆಗೆ ಅಂಟಿಸಿ, ನೇರವಾಗಿದೆಯೇ ಎಂದು ಹಿಂದೆ ಸರಿದು ನೋಡಿದಳು.

ಪೋಸ್ಟರಿನ ಜೀವವೇ ಅದರ ಫೋಟೋಗಳು. ಊರವರ ಹಲ್ಲು, ಕಲೆ ಕಡಿಮೆ ಇದ್ದವರಿಂದ ಹಿಡಿದು ಹಲ್ಲು ಸವೆದು ಕರಗಿದವರವರೆಗೆ ಸಾಲಾಗಿ. ಆ ಸಾಲಿನ ಪ್ರತಿಯೊಂದು ಹಲ್ಲೂ ಈಗ ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಅಜ್ಜಿಗೂ ಹೊಸ ಹಲ್ಲು ಬಂದಿತ್ತು.

ತಕ್ಷಣ ಮಾವನಿಗೆ ಫೋನು ಹಚ್ಚಿದಳು.

"ನೋಡಿದ್ಯಾ?" ಮಾವನ ದನಿಯಲ್ಲಿ ಹಬ್ಬ. "ಒಂದೊಂದು ಹಲ್ಲೂ ಕೈಯಾರೆ ಮಾಡಿದ್ದು ಪುಟ್ಟಿ! ಪರದೇಶದವರ ಮುಂದೆ ನಮ್ಮೋರು ಹಂಗೆ ಕಾಣಬಾರದು ಅಂತ."

ಊರಿಗೆ ಊರೇ ಅವನ ಅಂಗಡಿಗೆ ಮುಗಿಬೀಳುತ್ತಿದ್ದುದು ಯಾಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವನ ಬ್ಯಾನರಿನಲ್ಲಿ ಯಾರ ಹಲ್ಲೂ ಕಂದಾಗಿರುವುದಿಲ್ಲ. ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ, ಸುಮ್ಮನೆ ಬೆಳಗಿಬಿಡುತ್ತಾನೆ. ಅಕ್ಕನ ಮದುವೆಯ ಬ್ಯಾನರಿನ ಮುಂದೆ ಅಮ್ಮ ಸೆರಗು ಕಚ್ಚಿಕೊಂಡು ಅತ್ತಿದ್ದು ಸಂತೋಷಕ್ಕೇ. ಇಂಥವನಿಗೆ ಏನೆಂದು ಬೈಯುವುದು?

"ಮಾವ, ನಾನು ಕೊಟ್ಟ ಹಳೇ ಫೈಲ್ ಇದೆಯಲ್ಲ, ಅದನ್ನ ಈಗಲೇ ಕಳಿಸು. ನಿನ್ನ ಕಾಲಿಗೆ ಬೀಳ್ತೀನಿ."

"ಕರೆಂಟೇ ಇಲ್ಲಮ್ಮ ಬೆಳಿಗ್ಗೆಯಿಂದ. ಯಾಕೆ, ಬಣ್ಣ ಹೆಚ್ಚಾಯ್ತಾ?"

ಉತ್ತರಿಸುವಷ್ಟರಲ್ಲಿ ಪರೀಕ್ಷಕರು ಬಂದುಬಿಟ್ಟರು. ಮುಂದೆ ಬಿಳಿಕೂದಲಿನ ಒಬ್ಬ ಹೆಂಗಸು, ಹಿಂದೆ ಇಬ್ಬರು ಗಂಡಸರು. ಇವಳು ಕರ್ಚೀಫು ಬಾಯಿಗೆ ಅಡ್ಡ ಹಿಡಿದು, ನೀರಿನ ಲೆಕ್ಕ ಹೇಳಿದಳು, ಮೂಳೆಯ ಮಾತು ಹೇಳಿದಳು. ಅಚ್ಚಿನಲ್ಲಿ ತಪ್ಪಾಗಿದೆ ಎಂದೂ ಅಂದಳು. ಅವರ ಕಣ್ಣೆಲ್ಲ ಫೋಟೋಗಳ ಮೇಲೆಯೇ.

"ಈ ನೀರು ಕುಡಿದವರ ಹಲ್ಲಾ ಇವು? ನನ್ನ ಹಲ್ಲಿಗಿಂತ ಚೆನ್ನಾಗಿವೆಯಲ್ಲ!" ಎಂದ ಒಬ್ಬ. ಇನ್ನೊಬ್ಬ ಮುಸಿಮುಸಿ ನಕ್ಕ. ಹೆಂಗಸು ನಗಲಿಲ್ಲ, ಅದೇ ಇನ್ನೂ ಕೆಟ್ಟದ್ದು. "ಫೋಟೋ ತಿದ್ದಿದ್ದಾರೆ. ಫೋಟೋ ತಿದ್ದಿದವರು ಅಂಕಿ ತಿದ್ದಿಲ್ಲ ಅಂತ ಹೇಗೆ ನಂಬೋದು?" ಎಂದು ಪಕ್ಕದ ಹಲಗೆಯ ಕಡೆ ತಿರುಗಿದಳು.

ಮುಗಿಯಿತು. ಅಜ್ಜಿಯ ಬೆನ್ನು, ಅಕ್ಕನ ಮಗಳ ಹಲ್ಲು, ತಾನು ಸವೆಸಿದ ವರ್ಷಗಳು, ಎಲ್ಲ ಆ ತಿರುಗಿದ ಬೆನ್ನಿನ ಹಿಂದೆ ಹೋಗುತ್ತಿದ್ದವು. ಓಡಿಹೋಗಿ ಆ ಹೆಂಗಸಿಗೆ ಅಡ್ಡ ನಿಂತಳು. ಕರ್ಚೀಫು ಕೆಳಗಿಳಿಸಿ, ತುಟಿಗಳನ್ನು ಎರಡೂ ಕೈಯಿಂದ ಎಳೆದು ಹಿಡಿದು, ಬಾಯಿ ತೆರೆದಳು.

ಹೆಂಗಸು ನಿಂತಳು. ಕನ್ನಡಕ ಸರಿಮಾಡಿಕೊಂಡಳು. ಕೈಚೀಲದಿಂದ ಪುಟ್ಟ ಟಾರ್ಚು ತೆಗೆದು, "ಇನ್ನೂ ಅಗಲ," ಎಂದಳು. ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ ಮೂವರೂ ನೋಡಿದರು. ಆಚೀಚೆಯವರೂ ಕತ್ತು ಚಾಚಿದರು, ಯಾರೋ ಫೋಟೋ ಹೊಡೆದರು. ಮುಸಿಮುಸಿ ನಕ್ಕವನು ತಲೆ ತಗ್ಗಿಸಿದ. ದವಡೆ ನೋಯುತ್ತಿತ್ತು, ಕಣ್ಣೀರು ಕೆನ್ನೆಗಿಳಿದು ಬಾಯಿಗೇ ಬರುತ್ತಿತ್ತು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು. ಆದರೂ ಬಾಯಿ ಮುಚ್ಚಲಿಲ್ಲ.

"ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

"ಅಕ್ಕನ ಮಗಳು. ಇನ್ನೂ ಹಾಲುಹಲ್ಲು."

ಹೆಂಗಸು ಟಾರ್ಚು ಆರಿಸಿದಳು. "ನಾನೊಬ್ಬಳೇ ತೀರ್ಮಾನ ಮಾಡೋಕಾಗಲ್ಲ. ಆದರೆ ನೋಡಿದ್ದನ್ನ ಪರೀಕ್ಷಕರ ಸಭೇಲಿ ಹೇಳ್ತೀನಿ," ಎಂದು ಇವಳ ಭುಜ ಮುಟ್ಟಿ ಮುಂದೆ ಹೋದಳು. ಅಷ್ಟೇ. ಭರವಸೆ ಎಂದರೆ ಭರವಸೆ, ಇಲ್ಲವೆಂದರೆ ಇಲ್ಲ.

ಸಂಜೆ ಮಾವನೇ ಫೋನು ಮಾಡಿದ. "ಕರೆಂಟ್ ಬಂತು ಪುಟ್ಟಿ. ಫೈಲ್ ಕಳಿಸ್ಲಾ?"

"ಬೇಡ ಮಾವ."

ಅವನಿಗೆ ಏನೋ ಹೊಳೆದಿರಬೇಕು. "ನಾನೇನಾದ್ರೂ ಎಡವಟ್ಟು ಮಾಡಿದ್ನಾ?" ಎಂದ. ದನಿ ಸಣ್ಣಗಾಯಿತು. "ಹೋಗ್ಲಿ, ನಿಂದೊಂದು ಫೋಟೋ ಕಳಿಸು. ಬಸ್‌ಸ್ಟ್ಯಾಂಡಲ್ಲಿ ದೊಡ್ಡ ಬ್ಯಾನರ್ ಹಾಕ್ತೀನಿ. ಊರಿಗೆ ಊರೇ ನೋಡ್ಲಿ."

ಬಾಯಿ ತೆರೆದು ನಿಂತಾಗ ಯಾರೋ ಹೊಡೆದ ಫೋಟೋವನ್ನು ಕೇಳಿ ಪಡೆದಿದ್ದಳು. ಅದನ್ನೇ ಕಳಿಸಿದಳು. ಆ ಕಡೆ ಮಾವ ಅದನ್ನು ತೆರೆದು ನೋಡುವವರೆಗೆ ಕಾದಳು.

"ಮಾವ, ಹಲ್ಲು ಮುಟ್ಟಬೇಡ."

ಆ ಕಡೆ ಅವನು ಮೂಗು ಒರೆಸಿಕೊಂಡ ಸದ್ದಾಯಿತು.

"ಹಂಗೇ ಹಾಕ್ಲಾ?"

"ಹಂಗೇ ಹಾಕು."