ಅವ್ವ ಕೈ ನೆನೆಸಿದ ಶಾಲೆ

ಸೌದೆ ಒಲೆಯ ಮೇಲೆ ಕುದಿಯುವ ಬೇಳೆ ಸಾರಿನ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಈಗಲೂ ಐದು ವರ್ಷದ ಹುಡುಗಿಯಾಗಿ ಅವ್ವನ ಸೆರಗು ಹಿಡಿದು ನಿಂತುಬಿಡುತ್ತೇನೆ. ಅವ್ವ ಎಂದರೆ ನಮ್ಮಪ್ಪನ ತಾಯಿ. ತೇವಾರಂ ಹತ್ತಿರದ ನಮ್ಮ ಮನೆಯಲ್ಲಿ ಅವಳು ಹೇಳಿದ್ದೇ ಮಾತು. ಎಷ್ಟೋ ತಲೆಮಾರಿನಿಂದ ತಮಿಳು ಸೀಮೆಯಲ್ಲಿದ್ದರೂ ಹೊಸ್ತಿಲೊಳಗೆ ನಮ್ಮದು ಕನ್ನಡವೇ. ಅವ್ವ ಎಮ್ಮೆಯನ್ನು ಬೈಯುವುದೂ ದೇವರ ಹತ್ತಿರ ಜಗಳ ತೆಗೆಯುವುದೂ ಕನ್ನಡದಲ್ಲಿ, ಬಸ್ಸಿನ ಕಂಡಕ್ಟರನ ಹತ್ತಿರ ಮಾತ್ರ ತಮಿಳಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಜೂನಿನಲ್ಲಿ ನನ್ನನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿದರು. ನಾನೋ, ಮೊದಲ ದಿನವೇ ಮಧ್ಯಾಹ್ನದೊಳಗೆ ಓಡಿ ಬಂದು ಅವ್ವನ ಮಂಚದ ಕೆಳಗೆ ಸೇರಿಕೊಂಡೆ. ಮೂರು ದಿನ ಇದೇ ರಾಮಾಯಣ. ಅಪ್ಪನಿಗೆ ರೇಗಿಹೋಯಿತು. ದಿಂಡಿಗಲ್ಲಿನ ಅತ್ತೆಯ ಮನೆಯಲ್ಲಿದ್ದು ಓದಲಿ ಎಂದುಬಿಟ್ಟರು. ಅವ್ವನನ್ನು ಬಿಟ್ಟು ದಿಂಡಿಗಲ್ಲೇ? ಮಂಚದ ಕಾಲು ಬಿಗಿಯಾಗಿ ಹಿಡಿದುಕೊಂಡೆ.

"ತಡಿಯಪ್ಪಾ," ಎಂದಳು ಅವ್ವ. "ಸುತ್ತಮುತ್ತ ಬೇರೆ ಪಳ್ಳಿಕೂಡ ಇಲ್ವಾ? ಶುಕ್ರವಾರದೊಳ್ಗೆ ನೋಡಿ ಹೇಳ್ತೀನಿ. ಯಾವ್ದೂ ಒಪ್ಪಿಗೆ ಆಗ್ಲಿಲ್ಲಾಂದ್ರೆ ದಿಂಡಿಗಲ್ಲಿಗೇ ಕರ್ಕೊಂಡೋಗು."

ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಶಾಲೆ ನೋಡುವುದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆಣ್ಣು ಕೊಡುವ ಮನೆ ನೋಡುವುದು. ಇಬ್ಬರು ಮಗಳಂದಿರಿಗೆ ಮನೆ ನೋಡಿ ಪಳಗಿದ್ದಳು. ನಮ್ಮ ಕಡೆ ಅದಕ್ಕೊಂದು ಕಟ್ಟಳೆ ಇತ್ತು: ಮನಸ್ಸು ಒಪ್ಪುವ ತನಕ ಆ ಮನೆಯಲ್ಲಿ ಕೈ ನೆನೆಸಬಾರದು, ಒಂದು ತೊಟ್ಟು ನೀರು ಕೂಡ ಕುಡಿಯಬಾರದು. ಕೈ ತೊಳೆದು ಎಲೆಯ ಮುಂದೆ ಕೂತರೆ ಮಾತು ಕೊಟ್ಟ ಹಾಗೆ. ಅದೇ ಕಟ್ಟಳೆ ಹಿಡಿದು, ಮದುವೆಮನೆಯ ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು ಹೊರಟಳು. ಮೊದಲು ನಾನು ಓಡಿ ಬಂದಿದ್ದ ಶಾಲೆಗೇ ಹೋದೆವು. ಅವ್ವ ನೇರವಾಗಿ ನೀರಿನ ಹಂಡೆಯ ಮುಚ್ಚಳ ಎತ್ತಿ, ಮೂಸಿ, ಮುಖ ಸಿಂಡರಿಸಿದಳು. ಮೇಷ್ಟ್ರು ಚಹಾ ತರಿಸಿದರು. "ವೇಂಡಾಂ ಸಾಮಿ," ಎಂದು ಬೇಡವೆಂದಳು. ಮಾರನೆಯ ದಿನ ಬಸ್ಸು ಹತ್ತಿ ಹೋದ ಶಾಲೆ ಕಣ್ಣಿಗೆ ಹಬ್ಬ! ಹೊಸ ಕಟ್ಟಡ, ನೀಲಿ ಬಣ್ಣ, ಥಳಥಳ ಹಂಡೆ. ಊಟಕ್ಕೆ ಮಕ್ಕಳು ಗೆರೆ ಎಳೆದಂತೆ ಕೂತು, ಪಿಟ್ಟೆನ್ನದೆ ಉಣ್ಣುತ್ತಿದ್ದರು. ಟೀಚರೊಬ್ಬರು ಮಜ್ಜಿಗೆ ತಂದು ಹಿಡಿದರು. ನಾನು ಸೆರಗು ಜಗ್ಗಿ "ಕುಡಿ ಅವ್ವಾ, ಕುಡಿ!" ಎಂದು ಗೋಗರೆದೆ. ಊಹೂಂ. ಹೊರಗೆ ಬಂದ ಮೇಲೆ ಹೇಳಿದಳು: "ಮನೆ ಚೆಂದಾಗೈತೆ, ನನ್ ಕಣ್ಣು. ಆದ್ರೆ ಮಕ್ಳು ನಗದೇ ಉಣ್ಣೋ ಮನೇಗೆ ಹೆಣ್ಣು ಕೊಡ್ತಾರಾ?" ಅವಳಿಗೂ ನನ್ನನ್ನು ಬಿಟ್ಟಿರಲು ಆಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಜಪ್ಪಯ್ಯ ಅನ್ನಲಿಲ್ಲ ಮುದುಕಿ.

ಶುಕ್ರವಾರ ಉಳಿದದ್ದು ಒಂದೇ ಶಾಲೆ, ಬೆಟ್ಟದ ಬುಡದ್ದು. ಬೋಡಿಮೆಟ್ಟಿನ ಏಲಕ್ಕಿ ತೋಟಗಳಿಗೆ ಹೆಂಗಸರನ್ನು ತುಂಬಿಕೊಂಡು ಹೋಗುವ ಜೀಪು ಅದರ ಮುಂದೆಯೇ ನಿಲ್ಲುತ್ತಿತ್ತು. ಹಂಚಿನ ಒಂದೇ ಕೋಣೆ, ಒಬ್ಬಳೇ ಟೀಚರು, ಕದವಿಲ್ಲದ ಬಾಗಿಲು, ಅದರೊಳಗೊಂದು ಆಡು. ದಿಂಡಿಗಲ್ಲೇ ಗತಿ ಅಂದುಕೊಂಡೆ. ಅವ್ವ ಹಂಡೆ ನೋಡಿದಳು, ಒಲೆಯ ಮೇಲಿನ ಅನ್ನ ಹಿಸುಕಿದಳು, ಟೀಚರ ಊರು ಕೇರಿ ವಿಚಾರಿಸಿದಳು. "ಪಿಳ್ಳೆಗಳ್ನ ಹೊಡೀತೀಯಾ?" ಎಂದು ತನ್ನ ಅರೆಬರೆ ತಮಿಳಿನಲ್ಲಿ ಕೇಳಿಯೂ ಬಿಟ್ಟಳು. ಐದು ತರಗತಿಗೂ ತಾನೊಬ್ಬಳೇ, ಹೊಡೆಯಲು ಪುರುಸೊತ್ತೆಲ್ಲಿ ಎಂದು ಟೀಚರು ನಕ್ಕುಬಿಟ್ಟರು.

ಅಷ್ಟರಲ್ಲಿ ಊಟದ ಗಂಟೆಯಾಯಿತು. ಮಕ್ಕಳು ಗಲಗಲ ಎನ್ನುತ್ತ ಜಗಲಿಯಲ್ಲಿ ಸಾಲಾಗಿ ಕೂತರು. ನಾನು ಅವ್ವನ ಹಿಂದೆ ಅವಿತುಕೊಂಡಿದ್ದೆ. ಸಾಲಿನಲ್ಲಿದ್ದ ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ನನ್ನನ್ನು ಒಮ್ಮೆ ನೋಡಿದಳು. ಬಾಯಿಯಲ್ಲಿ ತುತ್ತು ಇದ್ದ ಹಾಗೆಯೇ ತಟ್ಟೆ ಎತ್ತಿಕೊಂಡು ನನಗೆ ಜಾಗ ಆಗುವಷ್ಟು ಸರಿದು ಕೂತಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಅವ್ವ ಆ ಖಾಲಿ ಜಾಗವನ್ನೇ ನೋಡುತ್ತ ನಿಂತಳು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ, ಮೊಣಕೈ ತನಕ ಬಳೆ ಏರಿಸಿ, ಕೈ ತೊಳೆದುಕೊಂಡು ಬಂದು ನೆಲದ ಮೇಲೆ ಕೂತುಬಿಟ್ಟಳು. "ನಂಗೂ ಒಂದ್ ತಟ್ಟೆ ಹಾಕವ್ವಾ." ಟೀಚರಿಗೆ ಏನೊಂದೂ ತಿಳಿಯಲಿಲ್ಲ. ಬಡಿಸುತ್ತಿದ್ದ ಅಡುಗೆಯಾಕೆಗೆ ತಿಳಿಯಿತು. ಸಂಬಂಧ ಕುದುರಿತು ಎಂದು ತಮಿಳಿನಲ್ಲಿ ಕೂಗಿ ಅವ್ವನ ತಟ್ಟೆಗೊಂದು ಮೊಟ್ಟೆ ಹಾಕಿದಳು. ಅಯ್ಯೋ, ಆ ಸಂತೋಷ! ನಾನು ರಿಬ್ಬನ್ನಿನ ಹುಡುಗಿಯ ಪಕ್ಕ ಹೋಗಿ ಕೂತು, ತಟ್ಟೆ ಬರುವ ಮೊದಲೇ ಅವಳ ತಟ್ಟೆಗೆ ಕೈ ಹಾಕಿದ್ದೆ. ಐದು ವರ್ಷವೂ ಅಲ್ಲೇ ಓದಿದೆ.

ಈಗ ನನ್ನ ಕೆಲಸವೇ ಬೆಟ್ಟದ ಕೆಳಗಿನ ಈ ಕಣಿವೆಯ ಶಾಲೆಗಳನ್ನು ಒಂದಕ್ಕೊಂದು ಹೋಲಿಸಿ ಅಂಕ ಕೊಡುವುದು. ಅವ್ವ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಹೋಗಿ ಬಹಳ ವರ್ಷವಾಯಿತು, ನಮ್ಮ ಮನೆಯೊಳಗಿನ ಕನ್ನಡವೂ ಅವಳ ಹಿಂದೆಯೇ ಹೊರಟಂತಿದೆ. ನನ್ನ ತಪಾಸಣೆ ನಮೂನೆಯಲ್ಲಿ ಕಟ್ಟಡಕ್ಕೆ, ನೀರಿಗೆ, ಕಾಂಪೌಂಡಿಗೆ ಕಾಲಂ ಇದೆ. ಸರಿದು ಕೂರುವ ಹುಡುಗಿಗೆ ಇಲ್ಲ. ತಪಾಸಣೆಗೆ ಹೋದ ಕಡೆ ನಾನು ಏನನ್ನೂ ಮುಟ್ಟುವುದಿಲ್ಲ, ಬುತ್ತಿ ಒಯ್ಯುತ್ತೇನೆ. ಹೋದ ವಾರ ಬೆಟ್ಟದ ಬುಡದ ಶಾಲೆಯ ಸರದಿ ಬಂತು. ಕದ ಬಂದಿದೆ, ಟೀಚರು ಹೊಸಬರು, ಒಲೆ ಮಾತ್ರ ಸೌದೆಯದೇ. ಊಟ ಮಾಡಿ ಎಂದರು. ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿದೆ, ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದುಕೊಂಡೆ. ಜಗಲಿಯಲ್ಲಿ ಮಕ್ಕಳ ಸಾಲಿನಲ್ಲಿ ಕೂತೆ. ಕೂತವಳು ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಸರಿದು ಕೂತೆ.