ಮೌಸ್ ಇಲ್ಲದ ಮೇಜು

ಅಮೆರಿಕದ ಲಿವೋನಿಯಾದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಬ್ಬಳ್ಳಿಯವರೊಬ್ಬರ ಮೇಜಿನ ಮೇಲೆ ಮೌಸ್ ಇರಲಿಲ್ಲ; ಎಲ್ಲ ಕೀಬೋರ್ಡಿನಿಂದಲೇ. ಅವರ ಕಂಪ್ಯೂಟರಿನಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳದೆ, ನೆಲಕ್ಕೆ ಹಾಕಿದ ಟೈಲ್ಸಿನಂತೆ ಪಕ್ಕಪಕ್ಕದಲ್ಲೇ ಕೂರುತ್ತಿದ್ದವು. ಒಂದನ್ನು ಮುಚ್ಚಿದರೆ ಉಳಿದವು ತಾವೇ ಹಿಗ್ಗಿ ಆ ಜಾಗ ತುಂಬುತ್ತಿದ್ದವು. "ಖಾಲಿ ಜಾಗಾ ಉಳಿಯಂಗಿಲ್ರಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಕಾರು ಕಂಪನಿಗಳು ಮುಗ್ಗರಿಸಿದ ಚಳಿಗಾಲದಲ್ಲಿ ಅವರ ಕೆಲಸ ಹೋಯಿತು. ಕಂಪ್ಯೂಟರ್ ಆಫ್ ಮಾಡಲು ಬಂದ ಮ್ಯಾನೇಜರ್ ಕಾಗದಗಳ ಕೆಳಗೆಲ್ಲ ಮೌಸ್ ಹುಡುಕಿ ಸೋತ. ಇವರೇ ಕೋಟು ತೊಟ್ಟು ನಿಂತಲ್ಲೇ ಬಗ್ಗಿ, ಕೀಬೋರ್ಡಿನಿಂದ ಒಂದೊಂದಾಗಿ ಎಲ್ಲ ಮುಚ್ಚಿಕೊಟ್ಟರು.

"ನೀವಿಲ್ದೆ ಇಲ್ಲಿ ಖಾಲಿ ಖಾಲಿ ಅನ್ಸತ್ತೆ ಸರ್," ಎಂದೆ.

"ಖಾಲಿ ಜಾಗಾ ಉಳಿಯಂಗಿಲ್ರಿ," ಎಂದು ಕೈಕುಲುಕಿ ಹೊರಟರು.

ಸೋಮವಾರ ನೋಡಿದರೆ, ನಡುವಿನ ಅಡ್ಡಗೋಡೆ ತೆಗೆದು ನನ್ನ ಮೇಜನ್ನು ಅವರ ಜಾಗಕ್ಕೂ ಚಾಚಿದ್ದರು. ಅವರ ಕೆಲಸದ ಫೈಲುಗಳೆಲ್ಲ ಅದರ ಮೇಲಿದ್ದವು, ಒಂದರ ಮೇಲೊಂದು.